ಕಾಂತಾರವೂ ಸಮುದ್ರವೂ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳ ಸಾಗಣೆಯಲ್ಲಿ ವಿಳಂಬದ ವಿಚಾರ

೧

ನಮ್ಮ ನಾಡಿನ ವಾಣಿಜ್ಯದ ಚರಿತ್ರೆಯನ್ನು ಬರೆದ ವಿದ್ವಾಂಸರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ವಿಚಾರಿಸಿರುತ್ತಾರೆ: ಯಾವ ಸರಕು, ಯಾವ ದಾರಿ, ಎಷ್ಟು ಬೆಲೆ. ಶಾಸನಗಳಲ್ಲಿ ದೊರೆಯುವ ಸುಂಕದ ಹೆಸರುಗಳೂ, ವಿದೇಶೀಯ ಪ್ರವಾಸಿಗಳ ಬರೆಹಗಳೂ ಈ ಮೂರಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸುತ್ತವೆ. ಆದರೆ ನಾಲ್ಕನೆಯದಾದ ಇನ್ನೊಂದು ಪ್ರಶ್ನೆಯಿದೆ. ಸರಕು ಹೊರಟ ಸ್ಥಳದಿಂದ ಸೇರತಕ್ಕ ಸ್ಥಳವನ್ನು ಮುಟ್ಟುವುದಕ್ಕೆ ಎಷ್ಟು ಕಾಲ ಹಿಡಿಯುತ್ತಿತ್ತು, ಆ ಕಾಲವನ್ನು ಮುಂದಾಗಿ ನಿಶ್ಚಯಿಸಿ ಹೇಳುವುದು ಎಷ್ಟರ ಮಟ್ಟಿಗೆ ಸಾಧ್ಯವಾಗಿತ್ತು, ಹೇಳಿದ ಕಾಲ ತಪ್ಪಿದಾಗ ಅದರ ನಷ್ಟವು ಯಾರ ಹೆಗಲ ಮೇಲೆ ಬೀಳುತ್ತಿತ್ತು ಎಂಬುದೇ ಆ ಪ್ರಶ್ನೆ. ಉತ್ತರ ಕನ್ನಡದ ಘಟ್ಟದ ಮೇಲಣ ಮೂರು ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನು ದೃಷ್ಟಾಂತವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಚಾರಕ್ಕೆ ತೊಡಗುವ ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳತಕ್ಕದ್ದು. ವಿಳಂಬವು ಎರಡು ವಿಧ. ಮುಂದಾಗಿಯೇ ತಿಳಿದಿರುವುದು ನಿಯತ ವಿಳಂಬ; ತಿಳಿಯದೆ ಬಂದೊದಗುವುದು ಅನಿಯತ ವಿಳಂಬ. ಒಂದು ದಾರಿಯಲ್ಲಿ ಸರಕು ಯಾವಾಗಲೂ ೨೦ ದಿನಗಳಲ್ಲಿ ಮುಟ್ಟುತ್ತದೆಯೆಂದೂ, ಇನ್ನೊಂದರಲ್ಲಿ ಒಮ್ಮೆ ೮ ದಿನ, ಮತ್ತೊಮ್ಮೆ ೩೨ ದಿನ ಹಿಡಿಯುತ್ತದೆಯೆಂದೂ ಇಟ್ಟುಕೊಳ್ಳೋಣ. ಎರಡರ ಸರಾಸರಿಯೂ ೨೦ ದಿನಗಳೇ. ಆದರೆ ಮೊದಲನೆಯ ದಾರಿಯನ್ನು ನಂಬಿದ ವರ್ತಕನು ೨೦ ದಿನಗಳ ಮಾರಾಟಕ್ಕೆ ಸಾಲುವಷ್ಟು ಸರಕನ್ನು ಅಂಗಡಿಯಲ್ಲಿಟ್ಟುಕೊಂಡರೆ ಸಾಕು. ಎರಡನೆಯದನ್ನು ನಂಬಿದವನು ೩೨ ದಿನಗಳ ಸರಕನ್ನು ಇಟ್ಟುಕೊಳ್ಳಬೇಕು. ಆ ಹೆಚ್ಚಿನ ೧೨ ದಿನಗಳ ಸರಕಿನ ಮೇಲೆ ತೊಡಗಿಸಿದ ಹಣ, ಅದಕ್ಕೆ ಬಡ್ಡಿ, ಉಗ್ರಾಣದ ಬಾಡಿಗೆ, ಇಲಿ ಹುಳುಗಳ ಹಾನಿ ಇವೆಲ್ಲವೂ ಅನಿಶ್ಚಯಕ್ಕೆ ತೆರುವ ಕಂದಾಯವೆನ್ನಬಹುದು. ಯಾವಾಗಲೂ ೨೫ ದಿನ ಹಿಡಿಯುವ ಮೂರನೆಯ ದಾರಿಯೊಂದಿದ್ದರೆ, ಅದು ನಿಧಾನವಾದುದಾದರೂ ಈ ಎರಡನೆಯದಕ್ಕಿಂತ ಅಗ್ಗವಾದೀತು. ವೇಗವೇ ವಾಣಿಜ್ಯದ ಪ್ರಾಣವೆಂದು ತಿಳಿದವರಿಗೆ ಈ ಮಾತು ವಿಚಿತ್ರವಾಗಿ ತೋರಬಹುದು. ಆದರೆ ಮುಂದೆ ಹೇಳತಕ್ಕ ಚರಿತ್ರೆಯೆಲ್ಲವೂ ಇದನ್ನೇ ಸಮರ್ಥಿಸುತ್ತದೆಯೆಂದು ನಮ್ಮ ಅಭಿಪ್ರಾಯ.

೨

ಮೊದಲು ದೇಶಸ್ಥಿತಿಯನ್ನು ನೋಡೋಣ. ಈ ಮೂರು ತಾಲ್ಲೂಕುಗಳೂ ಸಹ್ಯಾದ್ರಿಯ ನೆತ್ತಿಯಲ್ಲಿವೆ. ಮೂಡಲಿಗೆ ಬಯಲುಸೀಮೆಯ ಹಾವೇರಿ, ಹಾನಗಲ್ಲು, ಹುಬ್ಬಳ್ಳಿಗಳು. ಪಡುವಲಿಗೆ ಕಡಿದಾದ ಘಟ್ಟ, ಅದರ ಕೆಳಗೆ ಕರಾವಳಿ. ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದರೆ ಕುಮಟೆ. ಸಿದ್ದಾಪುರದಿಂದ ದೊಡ್ಡಮನೆ ಘಟ್ಟದ ದಾರಿಯೂ ಕುಮಟೆಗೇ ಸೇರುತ್ತದೆ, ಗೇರುಸೊಪ್ಪೆಯ ದಾರಿಯು ಹೊನ್ನಾವರಕ್ಕೆ ಹೋಗುತ್ತದೆ. ಯಲ್ಲಾಪುರದಿಂದ ಅರಬೈಲು ಘಟ್ಟವನ್ನಿಳಿದರೆ ಅಂಕೋಲೆ ಕಾರವಾರಗಳು. ಅಘನಾಶಿನಿ, ಗಂಗಾವಳಿ, ಶರಾವತಿ ಈ ಮೂರು ನದಿಗಳೂ ಘಟ್ಟದ ಬುಡದಿಂದ ಕಡಲಿನವರೆಗೆ ದೋಣಿ ನಡೆಯುವ ದಾರಿಗಳಾಗಿದ್ದವು. ಅಘನಾಶಿನಿಯ ದಂಡೆಯ ಉಪ್ಪಿನಪಟ್ಟಣ, ಶರಾವತಿಯ ದಂಡೆಯ ಗೇರುಸೊಪ್ಪೆ ಇಂಥ ಊರುಗಳು ಎತ್ತಿನ ಹೇರು ಇಳಿದು ದೋಣಿಗೆ ಏರುವ ಸಂಧಿಸ್ಥಾನಗಳು. ಉಪ್ಪಿನಪಟ್ಟಣವೆಂಬ ಹೆಸರೇ ಅಲ್ಲಿಯ ವ್ಯಾಪಾರವನ್ನು ಸಾರುತ್ತದೆ. ಮೆಣಸು, ಏಲಕ್ಕಿ, ಅಡಕೆಗಳನ್ನು ಹೊತ್ತು ಇಳಿದ ಹೇರೆತ್ತುಗಳು ಬರಿಬೆನ್ನಿನಿಂದ ಹಿಂದಿರುಗುತ್ತಿರಲಿಲ್ಲ. ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಒಣಮೀನುಗಳನ್ನು ಹೊತ್ತು ಘಟ್ಟವನ್ನೇರುತ್ತಿದ್ದವು.

ಈ ದಾರಿಗಳಿಗೆ ಕಾಲವೂ ಒಂದು ಕಟ್ಟಳೆಯನ್ನು ವಿಧಿಸಿತ್ತು. ಮೃಗಶಿರೆಯ ಮಳೆ ಹಿಡಿಯಿತೆಂದರೆ ಘಟ್ಟದ ದಾರಿ ಕೆಸರಾಗಿ ಕಡಿದುಹೋಗುತ್ತಿತ್ತು. ಹೊಳೆಗಳು ತುಂಬಿ ಹರಿಗೋಲೂ ನಿಲ್ಲುತ್ತಿತ್ತು. ಕಡಲು ಕೆರಳಿ ಪತ್ತೆಮಾರಿಗಳನ್ನು ದಂಡೆಗೆಳೆದು ಗರಿ ಹೊದಿಸುತ್ತಿದ್ದರು. ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿಯನ್ನರ್ಪಿಸಿ ಪೂಜಿಸಿದ ಮೇಲೆಯೇ ಹೊಸ ವರ್ಷದ ಯಾನಕ್ಕೆ ಆರಂಭ. ವರ್ಷದಲ್ಲಿ ಮೂರು ತಿಂಗಳಿಗೂ ಮಿಕ್ಕು ದಾರಿಯೇ ಇಲ್ಲ! ಇಷ್ಟು ದೀರ್ಘವಾದ ತಡೆ ಇದ್ದರೂ ಈ ಸೀಮೆಯ ವಾಣಿಜ್ಯವು ಶತಮಾನಗಳ ಕಾಲ ನಡೆದುಬಂದುದಕ್ಕೆ ಕಾರಣವೇನು? ಆ ತಡೆಯು ನಿಯತವಾದುದೇ ಕಾರಣ. ಮಳೆಗಾಲವು ಬಾರದೆ ಇರದು, ಬಂದದ್ದು ಹೋಗದೆ ಇರದು. ಆದುದರಿಂದ ತೋಟಿಗನ ಕೆಲಸ, ಮನೆಯ ಕಟ್ಟಡ, ಸರಕಿನ ಸಂಸ್ಕಾರ ಎಲ್ಲವೂ ಆ ತಡೆಯನ್ನು ಅಂಗೀಕರಿಸಿಯೇ ರೂಪುಗೊಂಡವು.

ಸರಕಿನ ಸಂಸ್ಕಾರವೆಂಬ ಮಾತನ್ನು ಸ್ವಲ್ಪ ವಿವರಿಸಬೇಕು. ಹಸಿ ಅಡಕೆ ಬಹುಕಾಲ ನಿಲ್ಲತಕ್ಕ ವಸ್ತುವಲ್ಲ. ಎಳೆಯ ಕಾಯನ್ನು ಸುಲಿದು, ಸೀಳಿ, ತೊಗರಿನಲ್ಲಿ ಬೇಯಿಸಿ, ಒಣಗಿಸಿದರೆ ಕೆಂಪಡಕೆಯಾಗುತ್ತದೆ. ಹಣ್ಣಡಕೆಯನ್ನು ಅಂಗಳದ ಬಿಸಿಲಿನಲ್ಲಿ ಒಂದೂವರೆ ತಿಂಗಳು ಒಣಗಿಸಿ ಸುಲಿದರೆ ಚಾಲಿಯಾಗುತ್ತದೆ. ರಾಶಿ, ಬೆಟ್ಟೆ, ಚಾಲಿ, ಗೋಟು ಮೊದಲಾಗಿ ಈ ಸೀಮೆಯಲ್ಲಿ ಬಳಕೆಯಲ್ಲಿರುವ ಹೆಸರುಗಳು ಬರಿಯ ರುಚಿಯ ಭೇದಗಳೆಂದು ತಿಳಿಯಲಾಗದು. ಕೆಡುವ ವಸ್ತುವನ್ನು ಕಾಯಬಲ್ಲ ವಸ್ತುವನ್ನಾಗಿ ಮಾಡುವ ಉಪಾಯದ ಭೇದಗಳವು. ಮೆಣಸನ್ನು ಒಣಗಿಸಿ ಕರಿದಾಗಿಸುವುದೂ ಅದೇ ಉಪಾಯ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲೆ ಹೊಗೆ ತಾಗುವಂತೆ ಕಟ್ಟಿದ ಅಟ್ಟವಿರುವುದನ್ನು ವಾಚಕರು ನೋಡಿರಬಹುದು. ಬೇಸಿಗೆಯ ಬಿಸಿಲಿನಲ್ಲಿ ಒಣಗಿದ ಸರಕಿಗೆ ಆಷಾಢದ ತೇವವು ತಾಗದಂತೆ ಅಲ್ಲಿ ಕಾಪಾಡುತ್ತಿದ್ದರು. ಹೀಗೆ ನಿಯತ ವಿಳಂಬವನ್ನು ಒಣಗಿಸುವಿಕೆಯೂ ಅಟ್ಟವೂ ಹೊತ್ತುಕೊಂಡವು. ಅನಿಯತ ವಿಳಂಬಕ್ಕೆ ಮಾತ್ರ ಇಂಥ ಅಟ್ಟವಿರಲಿಲ್ಲ. ಅದನ್ನು ಹೊತ್ತವರು ಯಾರೆಂಬುದನ್ನು ಇನ್ನು ವಿಚಾರಿಸೋಣ.

೩

ಈ ವಿಷಯವು ನಮ್ಮ ಪ್ರಾಚೀನ ಶಾಸ್ತ್ರಕಾರರ ದೃಷ್ಟಿಗೆ ಬೀಳದೆ ಹೋಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಡ್ಡಿಯ ದರವು ನೂರು ಪಣಗಳಿಗೆ ತಿಂಗಳಿಗೆ ಒಂದೂಕಾಲು ಪಣವೆಂದು ಧರ್ಮ್ಯವಾದ ವೃದ್ಧಿಯನ್ನು ಹೇಳಿ, ವ್ಯವಹಾರಕ್ಕೆ ೫, ಕಾಂತಾರಗಳನ್ನು ದಾಟಿ ಹೋಗುವವರಿಗೆ ೧೦, ಸಮುದ್ರಯಾನ ಮಾಡುವವರಿಗೆ ೨೦ ಪಣಗಳೆಂದು ವಿಧಿಸಿದೆ. ಯಾಜ್ಞವಲ್ಕ್ಯಸ್ಮೃತಿಯೂ ಕಾಂತಾರಕ್ಕೆ ನೂರಕ್ಕೆ ೧೦, ಸಮುದ್ರಕ್ಕೆ ೨೦ ಎಂಬ ಈ ಕ್ರಮವನ್ನೇ ಹೇಳುತ್ತದೆ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ಸುಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದವನೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಬಡ್ಡಿ ಇಷ್ಟು ಹೆಚ್ಚಾಗಿರುವುದಕ್ಕೆ ಮೂಲಧನವೇ ನಾಶವಾಗಬಹುದೆಂಬ ಶಂಕೆಯು ಕಾರಣವೆಂದು ಆತನ ವಿವರಣೆ. ಬಂಡವಾಳವು ಎಷ್ಟು ದೂರ ಹೋಗುತ್ತದೆಯೆಂಬುದಕ್ಕಿಂತ ಅದು ಹಿಂದಿರುಗುವುದು ಎಷ್ಟು ನಿಶ್ಚಿತವೆಂಬುದನ್ನು ಅನುಸರಿಸಿ ದರವು ಏರಿರುವುದನ್ನು ಇಲ್ಲಿ ಗಮನಿಸಬೇಕು. ಬನವಾಸಿ ನಾಡಿನ ಮೆಣಸಿನ ಮಟ್ಟಿಗಂತೂ ಕಾಂತಾರವೂ ಸಮುದ್ರವೂ ಒಂದೇ ಸರಕಿನ ದಾರಿಯಲ್ಲಿ ಒಂದರ ಹಿಂದೊಂದು ಬರುತ್ತಿದ್ದವು.

ಅಸಲನ್ನು ಮೀರಿ ಬಡ್ಡಿಯು ಬೆಳೆಯಲಾಗದೆಂಬ ನಿಯಮವು ಮನುಸ್ಮೃತಿಯಲ್ಲಿದೆ. ತಿಂಗಳಿಗೆ ನೂರಕ್ಕೆ ಇಪ್ಪತ್ತರಂತೆ ಲೆಕ್ಕ ಹಾಕಿದರೆ ಐದು ತಿಂಗಳಿಗೆ ಬಡ್ಡಿಯು ಅಸಲಿಗೆ ಸಮನಾಗುತ್ತದೆ. ಹಡಗು ಒಂದು ಮಳೆಗಾಲವನ್ನು ಪರದೇಶದ ರೇವಿನಲ್ಲಿ ಕಳೆಯಬೇಕಾಗಿ ಬಂದರೆ ಸಾಲಗಾರನ ಲಾಭವೆಲ್ಲವೂ ಕರಗಿಹೋಗುವುದಕ್ಕೆ ಅಷ್ಟೇ ಸಾಕು.

ವಿಳಂಬದ ಹೊಣೆಯ ವಿಚಾರವಾಗಿಯೂ ಸ್ಮೃತಿಗಳಲ್ಲಿ ಸೂಕ್ಷ್ಮವಾದ ನಿರ್ಣಯಗಳುಂಟು. ಇಂಥ ದೇಶಕ್ಕೆ ಇಂಥ ಕಾಲಕ್ಕೆ ಮುಟ್ಟಿಸುವೆನೆಂದು ಒಪ್ಪಿ ಗಾಡಿಯ ಬಾಡಿಗೆಯನ್ನು ಗೊತ್ತುಮಾಡಿಕೊಂಡವನು ಆ ದೇಶಕಾಲಗಳನ್ನು ಮೀರಿದರೆ ಅದರ ಫಲವನ್ನು ಪಡೆಯಲಾರನೆಂದು ಮನುವಿನ ವಚನವೊಂದಕ್ಕೆ ವ್ಯಾಖ್ಯಾನಕಾರನಾದ ಕುಲ್ಲೂಕಭಟ್ಟನು ಅರ್ಥ ಹೇಳಿರುತ್ತಾನೆ. ಯಾಜ್ಞವಲ್ಕ್ಯನು ಹೊರೆಯಾಳಿನ ಹೊಣೆಯನ್ನು ಮೆಟ್ಟಲುಮೆಟ್ಟಲಾಗಿ ವಿಂಗಡಿಸುತ್ತಾನೆ. ಪ್ರಯಾಣದ ಹೊತ್ತಿಗೆ ವಿಘ್ನ ಮಾಡಿದವನು ಕೂಲಿಯ ಇಮ್ಮಡಿಯನ್ನು ತೆರಬೇಕು. ಹೊರಡುವಾಗ ಬಿಟ್ಟವನು ಏಳನೆಯ ಒಂದು ಭಾಗವನ್ನು, ದಾರಿಯಲ್ಲಿ ಬಿಟ್ಟವನು ನಾಲ್ಕನೆಯ ಒಂದು ಭಾಗವನ್ನು, ಅರ್ಧ ದಾರಿಯಲ್ಲಿ ಬಿಟ್ಟವನು ಕೂಲಿಯೆಲ್ಲವನ್ನೂ ತೆರಬೇಕು. ಇಷ್ಟೇ ಅಲ್ಲ, ಆಳನ್ನು ನಡುದಾರಿಯಲ್ಲಿ ಬಿಡಿಸಿದ ಒಡೆಯನಿಗೂ ಇದೇ ವಿಧಿ. ಹೊತ್ತ ಸರಕು ನಷ್ಟವಾದರೆ ಹೊತ್ತವನೇ ತುಂಬಿಕೊಡಬೇಕು. ಆದರೆ ರಾಜನಿಂದ ಅಥವಾ ದೈವದಿಂದ ಒದಗಿದ ನಷ್ಟಕ್ಕೆ ಅವನು ಹೊಣೆಯಲ್ಲ. ಕೌಟಿಲ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಿರುಗಾಳಿಗೆ ಸಿಕ್ಕಿ ದಾರಿಗೆಟ್ಟು ಬಂದ ನಾವೆಯನ್ನು ನಾವಧ್ಯಕ್ಷನು ತಂದೆಯಂತೆ ಅನುಗ್ರಹಿಸಬೇಕೆಂದೂ, ನೀರು ತಾಗಿದ ಸರಕಿಗೆ ಸುಂಕವನ್ನು ಬಿಡಬೇಕು ಇಲ್ಲವೆ ಅರ್ಧವನ್ನು ಮಾತ್ರ ಕೊಳ್ಳಬೇಕೆಂದೂ ಹೇಳುತ್ತಾನೆ. ಅಂದರೆ ದೈವಿಕವಾದ ನಷ್ಟದಲ್ಲಿ ಒಂದು ಪಾಲನ್ನು ರಾಜನು ಹೊರಬೇಕೆಂದು ಆತನ ಮತ.

ಮೇಲಿನ ವಚನಗಳಿಂದ ಫಲಿತವಾಗುವುದಿಷ್ಟು. ಮನುಷ್ಯನು ಮಾಡಿದ ವಿಳಂಬವನ್ನು ಮಾಡಿದವನು ಹೊರಬೇಕು. ದೈವವು ತಂದುದನ್ನು ಹಂಚಿಕೊಳ್ಳಬೇಕು. ಕಡಲಿನ ವಿಷಯದಲ್ಲಿ ಮಾತ್ರ ಮನುವು ಕೈಚೆಲ್ಲಿದ್ದಾನೆ. ನದಿಯ ದಾರಿಗೆ ದೇಶಕಾಲಗಳಿಗನುಸಾರವಾಗಿ ಬಾಡಿಗೆಯನ್ನು ಗೊತ್ತುಮಾಡಬಹುದು, ಸಮುದ್ರಕ್ಕೆ ಅಂಥ ಲಕ್ಷಣವಿಲ್ಲವೆಂಬುದು ಆತನ ಮಾತಿನ ತಾತ್ಪರ್ಯ. ಶಾಸ್ತ್ರವು ಕೈಚೆಲ್ಲಿದ ಈ ಎಡೆಯಲ್ಲಿಯೇ ನಮ್ಮ ಸೀಮೆಯ ಕಷ್ಟವು ಆರಂಭವಾಯಿತೆಂದು ಮುಂದೆ ತೋರಿಸುವೆವು.

೪

ಕಡಲಿನ ಅನಿಶ್ಚಯವು ದಂಡೆಯ ವರ್ತಕನನ್ನು ಹೇಗೆ ಬಾಧಿಸುತ್ತಿತ್ತೆಂಬುದಕ್ಕೆ ಹನ್ನೆರಡನೆಯ ಶತಮಾನದ ಸಾಕ್ಷ್ಯವೊಂದು ನಮ್ಮ ಕರಾವಳಿಯಲ್ಲಿಯೇ ದೊರೆಯುತ್ತದೆ. ಕೈರೋ ನಗರದ ಯೆಹೂದ್ಯ ದೇವಾಲಯದ ಭಂಡಾರದಲ್ಲಿ ಸಿಕ್ಕಿದ ಪತ್ರಗಳಿಂದ, ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು ಸುಮಾರು ೧೧೩೨ರಿಂದ ೧೧೪೯ರ ವರೆಗೆ ಮಂಗಳೂರಿನ ಕಡೆಯಲ್ಲಿ ನೆಲೆಸಿದ್ದು, ಏಡನ್ನಿನ ತನ್ನ ಪಾಲುಗಾರರಿಗೆ ಮೆಣಸು ಏಲಕ್ಕಿಗಳನ್ನು ಕಳುಹುತ್ತಿದ್ದುದು ತಿಳಿದುಬಂದಿದೆ. ಆತನು ಏಲಕ್ಕಿಗಾಗಿ ಸ್ಥಳೀಯ ವ್ಯಾಪಾರಿಯೊಬ್ಬನಿಗೆ ಮುಂಗಡವನ್ನು ಕೊಟ್ಟಿದ್ದನು, ಸರಕು ಬರಲಿಲ್ಲ. ಆ ಬಾಕಿಯ ಪ್ರಸ್ತಾಪವು ಏಡನ್ನಿನಿಂದ ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದು ಮಳೆಗಾಲದ ಗಾಳಿಯೊಡನೆ ಹೋಗಬೇಕಾದ ಏಲಕ್ಕಿ ತಪ್ಪಿತೆಂದರೆ ಮುಂದಿನ ಹಡಗಿಗೆ ಒಂದು ವರ್ಷ ಕಾಯಬೇಕಾಗಿತ್ತೆಂಬುದನ್ನು ನೆನೆದರೆ ಆ ಪತ್ರಗಳ ಕಾತರವು ಅರ್ಥವಾಗುತ್ತದೆ. ಘಟ್ಟದಲ್ಲಿ ಹತ್ತು ದಿನ ತಡವಾದುದು ಕಡಲಿನಲ್ಲಿ ಹತ್ತು ತಿಂಗಳಾಗಿ ಬೆಳೆಯುತ್ತಿತ್ತು. ದಾರಿಯ ಒಂದು ತುಂಡಿನ ಸಣ್ಣ ವಿಳಂಬವು ಇನ್ನೊಂದು ತುಂಡಿನ ದೊಡ್ಡ ವಿಳಂಬಕ್ಕೆ ಕಾರಣವಾಗುವ ಈ ನ್ಯಾಯವು ಇಡಿಯ ವಿಷಯದ ಮರ್ಮವೆನ್ನಬೇಕು.

ಹದಿನಾರನೆಯ ಶತಮಾನಕ್ಕೆ ಬಂದರೆ ಕಡಲ ಮೇಲೆ ಪೋರ್ತುಗೀಜರಿದ್ದಾರೆ. ಇವರ ಹಡಗುಗಳು ಮಾರ್ಚ್ ಏಪ್ರಿಲ್‌ಗಳಲ್ಲಿ ಲಿಸ್ಬನ್ನಿನಿಂದ ಹೊರಟು, ಆಫ್ರಿಕದ ದಕ್ಷಿಣದ ಭೂಶಿರವನ್ನು ಸುತ್ತಿ, ಸಪ್ಟೆಂಬರಿನ ವೇಳೆಗೆ ಗೋವೆಗೆ ಬಂದು, ಮೆಣಸನ್ನು ತುಂಬಿಕೊಂಡು ಡಿಸೆಂಬರ್ ಜನವರಿಗಳಲ್ಲಿ ಹಿಂದಿರುಗಬೇಕು. ಭೂಶಿರವನ್ನು ತಡವಾಗಿ ಸುತ್ತಿದ ಹಡಗು ಮೊಸಾಂಬಿಕ್ಕಿನಲ್ಲಿಯೇ ಗಾಳಿಗಾಗಿ ಕಾಯುತ್ತ ತಿಂಗಳುಗಟ್ಟಲೆ ಬಿದ್ದಿರಬೇಕಾಗಿತ್ತು. ಆ ಹಡಗುಗಳಲ್ಲಿಯೇ ಮೆಣಸಿನ ಖರೀದಿಗೆ ಬೇಕಾದ ಬೆಳ್ಳಿಯೂ ಬರುತ್ತಿತ್ತೆಂಬುದನ್ನು ಮರೆಯಲಾಗದು. ಆದುದರಿಂದ ಹಡಗು ತಪ್ಪಿದ ವರ್ಷ ಸರಕನ್ನು ಒಯ್ಯುವ ಸಾಧನವೂ ಇಲ್ಲ, ಕೊಳ್ಳುವ ಹಣವೂ ಇಲ್ಲ.

ಈ ಕಾಲದಲ್ಲಿ ಗೇರುಸೊಪ್ಪೆಯನ್ನಾಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದರು. ಮಿರ್ಜಾನಿನ ಕೋಟೆಯು ಆಕೆಯ ಹೆಸರಿನೊಡನೆ ಹೊಂದಿಕೊಂಡಿದೆ. ಘಟ್ಟದ ಬುಡದಲ್ಲಿ, ದೋಣಿ ನಡೆಯುವ ನೀರಿನ ಅಂಚಿನಲ್ಲಿ, ಬಂದರಕ್ಕೆ ಸಮೀಪವಾಗಿ ಇರುವ ಗೇರುಸೊಪ್ಪೆ ಮಿರ್ಜಾನುಗಳ ಸ್ಥಾನವನ್ನು ನೋಡಿದರೆ ಆಕೆಯ ಪ್ರಾಬಲ್ಯದ ಕಾರಣವು ತಿಳಿಯುತ್ತದೆ. ಮೇಲಿನಿಂದ ಇಳಿಯುವ ಸರಕಿನ ಕಾಲವೂ ಕೆಳಗೆ ಬರುವ ಹಡಗಿನ ಕಾಲವೂ ಬೇರೆ ಬೇರೆ. ಅವೆರಡನ್ನೂ ಹೊಂದಿಸುವುದಕ್ಕೆ ನಡುವೆ ಕಾಯತಕ್ಕ ಸ್ಥಳವೊಂದು ಬೇಕು. ಆ ಸ್ಥಳದ ಒಡೆತನವೇ ಬೆಲೆಯ ಒಡೆತನ. ೧೫೬೯ರಲ್ಲಿ ಪೋರ್ತುಗೀಜರು ಹೊನ್ನಾವರವನ್ನು ಹಿಡಿದು ಕೋಟೆಯನ್ನು ಕಟ್ಟಿದುದಕ್ಕೂ, ಹದಿನೇಳನೆಯ ಶತಮಾನದ ಮೊದಲಲ್ಲಿ ಕೆಳದಿಯ ವೆಂಕಟಪ್ಪನಾಯಕನು ಗೇರುಸೊಪ್ಪೆಯನ್ನು ತನ್ನದಾಗಿಸಿಕೊಂಡುದಕ್ಕೂ ಈ ಒಡೆತನದ ಆಸೆಯು ಒಂದು ಕಾರಣವೆಂದು ಊಹಿಸುವುದು ಅಸಂಗತವಾಗಲಾರದು.

ವೆಂಕಟಪ್ಪನಾಯಕನ ಕಾಲದ ಸಂಗತಿಯೊಂದು ನಮ್ಮ ವಿಷಯಕ್ಕೆ ಅತ್ಯಂತ ಸಮರ್ಪಕವಾಗಿದೆ. ೧೬೨೨ರ ಜುಲೈ ತಿಂಗಳಲ್ಲಿ ಗೋವೆಗೆ ಬರುತ್ತಿದ್ದ ಪೋರ್ತುಗೀಜರ ಹಡಗುಗಳನ್ನು ಡಚ್ಚರೂ ಆಂಗ್ಲರೂ ಕೂಡಿ ಮೊಸಾಂಬಿಕ್ಕಿನ ಬಳಿ ತಡೆದು ಹಾಳುಮಾಡಿದರು. ಮರುವರ್ಷ, ಎಂದರೆ ೧೬೨೩ರ ಕೊನೆಯಲ್ಲಿ, ಇಟಲಿಯ ಪ್ರವಾಸಿಯಾದ ಪಿಯೆತ್ರೊ ದೆಲ್ಲಾ ವಾಲ್ಲೆಯು ಪೋರ್ತುಗೀಜ್ ರಾಯಭಾರಿಯ ಜೊತೆಯಲ್ಲಿ ಹೊನ್ನಾವರದಿಂದ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಘಟ್ಟವನ್ನು ಹತ್ತಿ ಇಕ್ಕೇರಿಗೆ ಹೋದನು. ಮೆಣಸಿನ ವ್ಯವಹಾರವು ಆ ನಿಯೋಗದ ಕಾರಣಗಳಲ್ಲಿ ಒಂದಾಗಿತ್ತೆಂದೂ, ಪೋರ್ತುಗಲ್ಲಿನಿಂದ ಹಡಗುಗಳು ಬಾರದೆ ಹಣದ ಅಭಾವವಾದುದರಿಂದ ಪೋರ್ತುಗೀಜರ ಖರೀದಿಗೆ ಅಡ್ಡಿಯಾಗಿತ್ತೆಂದೂ ಆತನ ಪತ್ರಗಳಿಂದ ತಿಳಿಯುತ್ತದೆ. ಆಫ್ರಿಕದ ತೀರದಲ್ಲಿ ನಡೆದ ಕಡಲ ಕಾಳಗದ ಪೆಟ್ಟು ಒಂದೂವರೆ ವರ್ಷದೊಳಗೆ ಸಹ್ಯಾದ್ರಿಯ ಮೆಣಸಿನ ಬಳ್ಳಿಯ ಬುಡಕ್ಕೆ ಬಂದು ಮುಟ್ಟಿತು. ನಾಯಕನು ರಾಯಭಾರಿಗಳೊಡನೆ ವಾದಿಸಬಲ್ಲನು. ಬಳ್ಳಿಯನ್ನು ನೆಟ್ಟವನು ಯಾರೊಡನೆ ವಾದಿಸಬೇಕು?

೫

ಸೋದೆಯ ಅರಸರ ಕಥೆಯನ್ನು ಇಲ್ಲಿ ಸಂಕ್ಷೇಪಿಸುವೆವು. ವಿಜಯನಗರದ ಆಶ್ರಯದಲ್ಲಿ ಹದಿನಾರನೆಯ ಶತಮಾನದ ಮಧ್ಯದಲ್ಲಿ ಅರಸಪ್ಪನಾಯಕನಿಂದ ಏಳಿಗೆಗೆ ಬಂದು, ಹದಿನೆಂಟನೆಯ ಶತಮಾನದ ಏಳನೆಯ ದಶಕದಲ್ಲಿ ಹೈದರಲ್ಲಿಯ ವಶವಾಗುವವರೆಗೆ ನಡೆದ ಈ ಸಂಸ್ಥಾನಕ್ಕೆ ಮೆಣಸೇ ಮುಖ್ಯವಾದ ಐಶ್ವರ್ಯವಾಗಿತ್ತು. ೧೬೩೮ರಲ್ಲಿ ಆಂಗ್ಲರು ಕಾರವಾರದಲ್ಲಿ ಕೋಠಿಯನ್ನು ತೆರೆದುದು ಈ ಮೆಣಸಿಗಾಗಿಯೂ ಹುಬ್ಬಳ್ಳಿಯ ಕಡೆಯ ಬಟ್ಟೆಗಾಗಿಯೂ ಆಗಿತ್ತು. ಕೊಳ್ಳುವವರು ಇಬ್ಬರಾದಾಗ ಒಬ್ಬನ ಹಡಗು ತಪ್ಪಿದರೂ ಇನ್ನೊಬ್ಬನಿಗೆ ಮಾರಬಹುದಾಗಿತ್ತೆಂಬ ಅನುಕೂಲವು ಅರಸರಿಗೆ ದೊರೆಯಿತು. ಅನಿಶ್ಚಯಕ್ಕೆ ಇದೂ ಒಂದು ಪರಿಹಾರವೇ.

ಹತ್ತೊಂಬತ್ತನೆಯ ಶತಮಾನದ ಕುಮಟೆಯ ಕಥೆಯು ಇನ್ನೂ ಬೋಧಪ್ರದವಾಗಿದೆ. ಧಾರವಾಡ, ಗದಗುಗಳ ಕರಿನೆಲದಲ್ಲಿ ಬೆಳೆದ ಹತ್ತಿಯು ಶಿರಸಿಯ ಮೇಲೆ ದೇವಿಮನೆ ಘಟ್ಟವನ್ನಿಳಿದು ಕುಮಟೆಯಲ್ಲಿ ಹಡಗನ್ನೇರುತ್ತಿತ್ತು. ಹತ್ತಿಯ ಒಂದು ಗಿಡವೂ ಬೆಳೆಯದ ಆ ಬಂದರದ ಹೆಸರು ಹತ್ತಿಯ ಜಾತಿಗೇ ಅಂಟಿ, ಮುಂಬಯಿ ಲಿವರ್‌ಪೂಲುಗಳ ಪೇಟೆಗಳಲ್ಲಿ ಅದು ಕುಮಟಾ ಹತ್ತಿಯೆನಿಸಿಕೊಂಡಿತು. ೧೮೬೧ರಿಂದ ೧೮೬೫ರ ವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಈ ದಾರಿಗೆ ಬಂದ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ. ೧೮೬೨ರಲ್ಲಿ ಉತ್ತರ ಕಾನಡಾ ಜಿಲ್ಲೆಯನ್ನು ಮದರಾಸು ಆಧಿಪತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿದುದಕ್ಕೆ ಹತ್ತಿಯ ವರ್ತಕರ ಒತ್ತಾಯವೂ ಕಾರವಾರದ ಬಂದರವನ್ನು ಬೆಳೆಸಬೇಕೆಂಬ ಉದ್ದೇಶವೂ ಕಾರಣಗಳಾಗಿದ್ದವು. ನಮ್ಮ ಜಿಲ್ಲೆಯ ರಾಜಕೀಯ ಗಡಿಯನ್ನೇ ಸಾಗಣೆಯ ವಿಚಾರವು ಬದಲಾಯಿಸಿತೆಂಬುದು ಸಾಮಾನ್ಯವಾದ ಮಾತಲ್ಲ.

ಆದರೆ ಈ ಉತ್ಕರ್ಷವು ಬಹುಕಾಲ ನಿಲ್ಲಲಿಲ್ಲ. ಹುಬ್ಬಳ್ಳಿಗೆ ರೈಲು ಬಂದು, ೧೮೮೮ರ ಸುಮಾರಿಗೆ ಗೋವೆಯ ಮುರಗಾಂವ ಬಂದರಕ್ಕೂ ಘಟ್ಟವನ್ನಿಳಿದು ಹಳಿ ಹಾಕಿದ ಮೇಲೆ ಬಯಲುಸೀಮೆಯ ಹತ್ತಿಯು ಕುಮಟೆ ಕಾರವಾರಗಳನ್ನು ತೊರೆಯಿತು. ರೈಲು ಎತ್ತಿನ ಗಾಡಿಗಿಂತ ವೇಗವಾದುದು, ಆದುದರಿಂದ ಗೆದ್ದಿತು ಎಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಅರ್ಧ ಸತ್ಯ. ಕುಮಟೆಯು ತೆರೆದ ಕಡಲಿಗೆ ಮುಖ ಮಾಡಿದ ಬಂದರ. ಅಲ್ಲಿ ಹಡಗು ದೂರದಲ್ಲಿ ಲಂಗರು ಹಾಕಬೇಕು, ಸರಕನ್ನು ಸಣ್ಣ ದೋಣಿಗಳಿಂದ ಮುಟ್ಟಿಸಬೇಕು, ಗಾಳಿ ಎದ್ದ ದಿನ ಎಲ್ಲವೂ ನಿಲ್ಲಬೇಕು. ರೈಲಿಗೆ ವೇಳಾಪತ್ರಿಕೆಯಿತ್ತು, ಮಳೆಗಾಲದಲ್ಲಿಯೂ ಅದು ನಡೆಯುತ್ತಿತ್ತು. ಮೂಟೆಯು ಯಾವ ದ��ನ ಮುಟ್ಟುವುದೆಂದು ಹೇಳಬಲ್ಲ ದಾರಿಯು, ಹೇಳಲಾರದ ದಾರಿಯನ್ನು ಸೋಲಿಸಿತು. ಘಟ್ಟದ ಮೇಲಣ ಮೂರು ತಾಲ್ಲೂಕುಗಳಿಗೆ ಮಾತ್ರ ಆ ನಿಶ್ಚಯವು ದೊರೆಯಲಿಲ್ಲ. ಹಳಿಗಳು ಅವುಗಳನ್ನು ಬಳಸಿಕೊಂಡು ಆಚೆಯಿಂದ ಹೋದವು. ಹತ್ತಿ ದಾರಿ ಬದಲಾಯಿಸಿತು. ಅಡಕೆಯು ಬದಲಾಯಿಸಲಾರದೆ ಹೋಯಿತು.

೬

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅನಿಯತ ವಿಳಂಬವನ್ನು ಹೊತ್ತವರು ಯಾರು? ಅರಸನು ತನ್ನ ಪಾಲಿನ ಸುಂಕವನ್ನು ಪಡೆದನು. ದೂರದ ವರ್ತಕನು ಅಪಾಯವನ್ನು ಬೆಲೆಯಲ್ಲಿ ಮೊದಲೇ ಕಳೆದುಕೊಂಡು ಕೊಂಡನು. ದಲಾಲನಿಗೆ ವಖಾರವಿತ್ತು, ಹಣವಿತ್ತು, ಆತನು ಕಾಯಬಲ್ಲವನಾಗಿದ್ದನು. ಕಾಯಲಾರದವನು ತೋಟಿಗನೊಬ್ಬನೇ. ಕೊಯ್ಲಿಗೆ ಮೊದಲೇ ಮಳೆಗಾಲದ ಅಕ್ಕಿ, ಸೊಪ್ಪು, ಕೂಲಿ, ಮದುವೆ ಮುಂಜಿಗಳಿಗಾಗಿ ಅವನು ಮುಂಗಡವನ್ನು ತಂದಿರುತ್ತಿದ್ದನು. ಮುಂಗಡದೊಡನೆ ಬೆಳೆಯೂ ಬೆಲೆಯೂ ಕೊಟ್ಟವನ ಕೈಗೆ ಸೇರುತ್ತಿದ್ದವು. ಹಡಗು ತಡವಾದರೆ ಬೆಲೆಯಿಳಿದ ನಷ್ಟ ಅವನದು. ಹಡಗು ಬೇಗ ಬಂದರೆ ಏರಿದ ಬೆಲೆಯ ಲಾಭ ವಖಾರದವನದು. ದೈವಿಕವಾದ ನಷ್ಟವನ್ನು ಹಂಚಿಕೊಳ್ಳಬೇಕೆಂಬ ಶಾಸ್ತ್ರದ ಆಶಯವು ಇಲ್ಲಿ ತಲೆಕೆಳಗಾಗಿ, ದೈವದ ಹೊರೆಯೆಲ್ಲವೂ ಅತ್ಯಂತ ದುರ್ಬಲನಾದವನ ಮೇಲೆ ಬಿದ್ದಿತ್ತು.

ಈ ಸ್ಥಿತಿಯನ್ನು ಬದಲಾಯಿಸಿದುದು ಸೇತುವೆಯಲ್ಲ, ಹಳಿಯಲ್ಲ, ಬಂದರವಲ್ಲ, ಒಂದು ಉಗ್ರಾಣ. ೧೯೨೩ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಸ್ಥಾಪಿತವಾಯಿತು. ಇಂಥ ಸಂಘದ ಕ್ರಮವು ಸರಳವಾದುದು. ತೋಟಿಗನು ತನ್ನ ಅಡಕೆಯನ್ನು ತಂದು ಸಂಘದ ಉಗ್ರಾಣದಲ್ಲಿಡುತ್ತಾನೆ. ಇಟ್ಟ ಸರಕಿನ ಆಧಾರದ ಮೇಲೆ ಹಣವನ್ನು ಪಡೆಯುತ್ತಾನೆ. ವರ್ತಕರು ಬಹಿರಂಗವಾಗಿ ಬೆಲೆಯನ್ನು ಕೂಗುತ್ತಾರೆ. ಬೆಲೆ ಒಪ್ಪಿಗೆಯಾದರೆ ಮಾರುತ್ತಾನೆ, ಇಲ್ಲವಾದರೆ ಕಾಯುತ್ತಾನೆ. ಹಿಂದೆ ಮುಂಗಡವು ಬೆಳೆಗೆ ಮೊದಲು ಬಂದು ಬೆಲೆಯನ್ನು ಕಟ್ಟಿಹಾಕುತ್ತಿತ್ತು; ಈಗ ಅದು ಬೆಳೆಯ ಅನಂತರ ಬಂದು ಬೆಲೆಯನ್ನು ಬಿಡಿಸಿಕೊಟ್ಟಿತು. ಹಣ ಅದೇ, ಬಡ್ಡಿಯೂ ಉಂಟು. ಆದರೆ ಕಾಯುವ ಅಧಿಕಾರವು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಬಂದಿತು. ಹಳೆಯ ಮನೆಯ ಹೊಗೆಯ ಅಟ್ಟವು ನಿಯತ ವಿಳಂಬಕ್ಕೆ ಮಾಡಿದ ಉಪಕಾರವನ್ನು ಈ ಸಮುದಾಯದ ಅಟ್ಟವು ಅನಿಯತ ವಿಳಂಬಕ್ಕೆ ಮಾಡಿತೆಂದು ಹೇಳಬಹುದು. ಮುಂದೆ ೧೯೭೩ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯು ಹುಟ್ಟಿದುದು ಇದೇ ತತ್ತ್ವದ ವಿಸ್ತಾರ.

ಇದರಲ್ಲಿ ದೋಷವೇ ಇಲ್ಲವೆಂದು ನಮ್ಮ ಮಾತಲ್ಲ. ಕಾದವನಿಗೆ ಬೆಲೆ ಏರಿಯೇ ತೀರುತ್ತದೆಯೆಂಬ ನಿಯಮವಿಲ್ಲ, ಇಳಿಯುವುದೂ ಉಂಟು. ಇಟ್ಟ ಸರಕಿನ ಮೇಲೆ ಬಡ್ಡಿಯು ಬೆಳೆಯುತ್ತದೆ. ಆದರೆ ಕಾದು ಕೆಡುವ ಸ್ವಾತಂತ್ರ್ಯಕ್ಕೂ ಕಾಯಲಾರದೆ ಕೆಡುವ ಪಾರತಂತ್ರ್ಯಕ್ಕೂ ಬಹಳ ಅಂತರವಿದೆ.

೭

ಇದು ಕಳೆದ ಕಾಲದ ಕಥೆ ಮಾತ್ರವೆಂದು ವಾಚಕರು ಭಾವಿಸಬಾರದು. ೧೯೯೮ರಿಂದ ಕೊಂಕಣ ರೈಲ್ವೆಯು ಅಂಕೋಲೆ, ಕುಮಟೆ, ಹೊನ್ನಾವರಗಳ ಮೇಲೆ ಪೂರ್ಣವಾಗಿ ಓಡುತ್ತಿದೆ. ಆದರೆ ಅದು ಘಟ್ಟದ ಕೆಳಗಿನದು. ಯಲ್ಲಾಪುರದ ಮೇಲೆ ಹೋಗತಕ್ಕ ಹುಬ್ಬಳ್ಳಿ ಅಂಕೋಲೆಗಳ ರೈಲುದಾರಿಯು ಅರಣ್ಯರಕ್ಷಣೆಯ ಪ್ರಶ್ನೆಯಿಂದ ದಶಕಗಳ ಕಾಲ ವಿವಾದದಲ್ಲಿ ನಿಂತಿದೆ. ೨೦೧೯ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತು, ಈ ಮೂರು ತಾಲ್ಲೂಕುಗಳ ಅಡಕೆಗೆ ಒಂದೇ ಹೆಸರಾಯಿತು. ಹೆಸರು ಸ್ಥಿರವಾಯಿತು; ದಾರಿಯು ಸ್ಥಿರವಾಯಿತೆಂದು ಹೇಳುವಂತಿಲ್ಲ. ೨೦೨೧ರ ಜುಲೈ ತಿಂಗಳ ಮಹಾವೃಷ್ಟಿಯಲ್ಲಿ ಅರಬೈಲು ಘಟ್ಟದ ಹೆದ್ದಾರಿಯು ಕುಸಿಯಿತು. ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸೇತುವೆಯು ಗಂಗಾವಳಿಯ ಪ್ರವಾಹದಲ್ಲಿ ಕೊಚ್ಚಿಹೋಯಿತು. ಕಳಚೆಯಲ್ಲಿ ಗುಡ್ಡ ಜರಿದು ತೋಟಗಳೇ ಮಣ್ಣುಪಾಲಾದವು. ೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಪ್ರಾಣಹಾನಿಯಾಯಿತು. ಕರಾವಳಿಯ ದಾರಿಯು ಅನೇಕ ದಿನ ಮುಚ್ಚಿತು. ಹಿಂದಿನವರಿಗೆ ಮಳೆಗಾಲದಲ್ಲಿ ದಾರಿಯಿಲ್ಲವೆಂಬುದು ನಿಶ್ಚಯವಾಗಿತ್ತು. ನಮಗೆ ಮಳೆಗಾಲದಲ್ಲಿಯೂ ದಾರಿಯಿದೆ, ಆದರೆ ನಾಳೆ ಇರುವುದೆಂಬ ನಿಶ್ಚಯವಿಲ್ಲ. ನಿಯತವಾಗಿದ್ದ ವಿಳಂಬವನ್ನು ಗೆದ್ದು ಅನಿಯತವಾದುದನ್ನು ಬರಮಾಡಿಕೊಂಡಿದ್ದೇವೆ.

ಹೊರಗಿನ ಪ್ರಪಂಚದಲ್ಲಿಯೂ ಹೀಗೆಯೇ. ೧೮೬೯ರಲ್ಲಿ ಸುಯೆಜ್ ಕಾಲುವೆಯು ತೆರೆದು ಭೂಶಿರದ ಸುತ್ತುದಾರಿಯನ್ನು ತಪ್ಪಿಸಿತು. ೨೦೨೩ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಆರಂಭವಾದುದರಿಂದ ೨೦೨೪ರಲ್ಲಿ ಅನೇಕ ಹಡಗುಗಳು ಪೋರ್ತುಗೀಜರ ಆ ಹಳೆಯ ದಾರಿಯನ್ನೇ ಹಿಡಿದು, ೧೦ರಿಂದ ೧೪ ದಿನಗಳಷ್ಟು ಹೆಚ್ಚಾಗಿ ಸುತ್ತಬೇಕಾಯಿತು. ಆ ಸುತ್ತು ನಿಶ್ಚಿತವಾದ ಮೇಲೆ ವರ್ತಕರು ತಮ್ಮ ಲೆಕ್ಕವನ್ನು ಅದಕ್ಕೆ ಹೊಂದಿಸಿಕೊಂಡರು; ಯಾವ ಹಡಗು ಯಾವ ದಾರಿಯಿಂದ ಬರುವುದೆಂದು ತಿಳಿಯದ ಮೊದಲ ತಿಂಗಳುಗಳೇ ಅವರಿಗೆ ಹೆಚ್ಚು ಕಠಿಣವಾಗಿದ್ದವು.

ಇದುವರೆಗೆ ವಿಚಾರಿಸಿದುದರಿಂದ ಎರಡು ಸಿದ್ಧಾಂತಗಳು ಹೊರಡುತ್ತವೆ. ಸಾಗಣೆಯ ಗುಣವನ್ನು ವೇಗದಿಂದ ಅಳೆಯುವುದು ಸಾಲದು, ನಿಶ್ಚಯದಿಂದ ಅಳೆಯಬೇಕು; ಇದು ಒಂದನೆಯದು. ಅನಿಶ್ಚಯವನ್ನು ಪೂರ್ಣವಾಗಿ ಕಳೆಯುವುದು ಮನುಷ್ಯಸಾಧ್ಯವಲ್ಲವಾದುದರಿಂದ, ಉಳಿದುದನ್ನು ಯಾರು ಹೊರಬೇಕೆಂಬುದನ್ನು ನ್ಯಾಯವಾಗಿ ಗೊತ್ತುಮಾಡಬೇಕು, ಇದು ಎರಡನೆಯದು. ಮೊದಲನೆಯದು ದಾರಿಯನ್ನು ಕಟ್ಟುವವರಿಗೆ ಸೇರಿದ ಮಾತು. ಎರಡನೆಯದನ್ನು ಸ್ಮೃತಿಕಾರರು ಹೊರೆಯಾಳಿನ ಮತ್ತು ಗಾಡಿಯವನ ವಿಷಯದಲ್ಲಿ ನಿರ್ಣಯಿಸಿ, ಸಮುದ್ರದ ವಿಷಯದಲ್ಲಿ ಬಿಟ್ಟಿದ್ದರು. ಬಿಟ್ಟುದನ್ನು ಈ ಸೀಮೆಯ ತೋಟಿಗರು ತಮ್ಮದೇ ಆದ ಉಗ್ರಾಣದಿಂದ ಒಂದು ಮಟ್ಟಿಗೆ ಪೂರ್ಣಗೊಳಿಸಿಕೊಂಡರು. ಘಟ್ಟದ ದಾರಿಗಳ ಚರಿತ್ರೆಯನ್ನು ಮುಂದೆ ಬರೆಯತಕ್ಕವರು ಕೋಟೆ ಕೊತ್ತಲಗಳೊಡನೆ, ಬಂದರಗಳೊಡನೆ, ಹೊಗೆ ಹಿಡಿದ ಅಟ್ಟಗಳನ್ನೂ ವಖಾರದ ಕಡತಗಳನ್ನೂ ಶೋಧಿಸುವುದು ಅವಶ್ಯವೆಂದು ಸೂಚಿಸಿ ಈ ಲೇಖನವನ್ನು ಮುಗಿಸುವೆವು.